ಹತ್ತು ಅಂಕಕ್ಕೆ ಸೈ, ಆರು ಅಂಕಕ್ಕೆ ಕೈಕೊಟ್ಟ ಎಲ್‌ಎಲ್‌ಬಿ ಗೈಡ್

ಎಲ್‌ಎಲ್‌ಬಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರಿಗೆ ಗೈಡ್ ಬಿಟ್ಟರೆ ಬೇರೆ ಗತಿಯಿಲ್ಲ ಅನ್ನುವ ಪರಿಸ್ಥಿತಿ. ದಪ್ಪ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ನಮ್ಮ ಲೈಬ್ರರಿಯಲ್ಲಿರುವ ನಾಲ್ಕೈದು ಕನ್ನಡ ಪುಸ್ತಕಗಳು ಯಾವಾಗಲೂ ಸೀನಿಯರ್‌ಗಳ ಮನೆಯಲ್ಲೇ ಇರುತ್ತವೆ. ಹಾಗಾಗಿ ನಾನೂ ಕಾಲೇಜಿನ ಎದುರಿನ ಅಂಗಡಿಗೆ ಹೋಗಿ ಮೂರು ಪ್ರಶ್ನೋತ್ತರ ಗೈಡ್ ತಂದೆ. ಒಂದು ಕರಾರು ಕಾನೂನು, ಒಂದು ಅಪಕೃತ್ಯ ಕಾನೂನು, ಅಂದರೆ ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ, ನಾವು ಟಾರ್ಟ್ ಅನ್ನುವುದು, ಇನ್ನೊಂದು ಕ್ರಿಮಿನಲ್. ಮೂರಕ್ಕೂ ಸೇರಿ 640 ಆಗಿತ್ತು, ಚೌಕಾಸಿ ಮಾಡಿದ್ದಕ್ಕೆ 600ಕ್ಕೆ ಕೊಟ್ಟರು. ಪ್ರಕಾಶಕರ ಹೆಸರು ಬರೆಯಲ್ಲ. ಮುಂದಿನ ಸೆಮಿಸ್ಟರ್‌ಗೂ ಅದೇ ಅಂಗಡಿಗೆ ಹೋಗಬೇಕಲ್ಲ!

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ನಮ್ಮ ಕಾನೂನು ವಿಶ್ವವಿದ್ಯಾಲಯದ ಪೇಪರ್ ಗೊತ್ತಲ್ವಾ, 80 ಅಂಕ, ಐದು ಘಟಕ. ಪ್ರತಿ ಘಟಕದಲ್ಲೂ 10 ಅಂಕದ ಒಂದು ಪ್ರಬಂಧ, 6 ಅಂಕಕ್ಕೆ ಒಂದು ಟಿಪ್ಪಣಿ ಅಥವಾ ಸಮಸ್ಯೆ. ಆ 10 ಅಂಕದ ಭಾಗಕ್ಕೆ ಈ ಗೈಡ್‌ಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಪೀಠಿಕೆ, ಸೆಕ್ಷನ್, ವಿವರಣೆ, ಎರಡು ಕೇಸು, ಮುಕ್ತಾಯ ಅಂತ ಉತ್ತರವನ್ನು ಬಿಡಿಸಿಟ್ಟಿದ್ದಾರೆ. ಸಿಂಧುವಾದ ಕರಾರಿನ ಅಂಶಗಳು ಅಂತ ಕೇಳಿದರೆ ಕರಾರು ಕಾಯ್ದೆಯ ಸೆಕ್ಷನ್ 10ರಿಂದ ಶುರುಮಾಡಿ ಮೂರೂವರೆ ಪುಟ. ಪರೀಕ್ಷೆಯಲ್ಲಿ ಕೈ ನೋಯುವ ತನಕ ಬರೆದರೂ ಅಷ್ಟೇ ಆಗುತ್ತದೆ. ಹಳೆಯ ಪೇಪರ್‌ಗಳಲ್ಲಿ ಯಾವ ಪ್ರಶ್ನೆ ಎಷ್ಟು ಸಲ ಬಂದಿದೆ ಅಂತ ಪಕ್ಕದಲ್ಲಿ ನಕ್ಷತ್ರ ಹಾಕಿರುವುದೂ ಒಳ್ಳೆಯದೇ. ಹಿಂದಿನ ರಾತ್ರಿ ಓದುವವರಿಗೆ ಅದೇ ದೇವರು.

ಗೋಳು ಶುರುವಾಗುವುದು ಸಮಸ್ಯೆಗಳಲ್ಲಿ. ಈ ಗೈಡ್‌ನಲ್ಲಿ ಸಮಸ್ಯೆ ಅಂದರೆ ನಾಲ್ಕು ಸಾಲಿನ ಕಥೆ, ಕೆಳಗೆ ಎರಡು ಸಾಲಿನ ಉತ್ತರ, ಕೊನೆಗೆ ಒಂದು ಕೇಸಿನ ಹೆಸರು. ಆ ಉತ್ತರ ಯಾಕೆ ಬಂತು, ಕಥೆಯ ಯಾವ ಮಾತಿನಿಂದ ಬಂತು ಅಂತ ಎಲ್ಲೂ ಇಲ್ಲ. ನಾನು ಇದರಲ್ಲೇ ಬಿದ್ದೆ. ಲಾಲ್‌ಮನ್ ಶುಕ್ಲಾ ಕೇಸು ಎಲ್ಲರಿಗೂ ಗೊತ್ತಿರುತ್ತದೆ. 1913ರದ್ದು, ಅಲಹಾಬಾದ್ ಹೈಕೋರ್ಟಿನದು. ಯಜಮಾನರ ಮನೆಯ ಹುಡುಗ ಮನೆ ಬಿಟ್ಟು ಹೋಗಿರುತ್ತಾನೆ, ಹುಡುಕಲು ಮುನೀಮನನ್ನು, ಅಂದರೆ ಲೆಕ್ಕ ಬರೆಯುವ ಗುಮಾಸ್ತನನ್ನು, ಹರಿದ್ವಾರಕ್ಕೆ ಕಳಿಸುತ್ತಾರೆ. ಅವನು ಹೋದ ಮೇಲೆ 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚುತ್ತಾರೆ. ಅದು ಗೊತ್ತಿಲ್ಲದೆ ಹುಡುಗನನ್ನು ಪತ್ತೆ ಮಾಡಿದ್ದರಿಂದ ಮುನೀಮನಿಗೆ ಬಹುಮಾನ ಕೇಳುವ ಹಕ್ಕಿಲ್ಲ ಅಂತ ತೀರ್ಪು. ಗೈಡ್‌ನಲ್ಲಿ ಇರುವುದು ಇಷ್ಟೇ: ‘ಬಹುಮಾನ ಸಿಗುವುದಿಲ್ಲ, ಲಾಲ್‌ಮನ್ ಶುಕ್ಲಾ ಪ್ರಕರಣ ನೋಡಿ.’

ಇಂಟರ್ನಲ್ ಟೆಸ್ಟ್‌ನಲ್ಲಿ ಕಳೆದುಹೋದ ಹುಡುಗನ ಪ್ರಶ್ನೆಯೇ ಬಂತು. ಒಳಗೊಳಗೇ ಖುಷಿ. ಪೂರ್ತಿ ಓದಲೇ ಇಲ್ಲ, ಬಹುಮಾನ ಇಲ್ಲ ಅಂತ ಅರ್ಧ ಪುಟ ಗೀಚಿದೆ. ಆದರೆ ಪ್ರಶ್ನೆಯಲ್ಲಿದ್ದವನು ಕೆಲಸದವನಲ್ಲ, ಯಾರೋ ಹೊರಗಿನವನು. ಬಸ್ ಸ್ಟ್ಯಾಂಡ್‌ನಲ್ಲಿ ಅಂಟಿಸಿದ್ದ ಬಹುಮಾನದ ಚೀಟಿ ಓದಿಕೊಂಡೇ ಹುಡುಕಲು ಹೊರಟಿದ್ದ. ಅಂದರೆ ಪ್ರಸ್ತಾವ ಅವನಿಗೆ ಗೊತ್ತಿತ್ತು, ಹುಡುಗನನ್ನು ಕರೆತಂದಿದ್ದೇ ಸೆಕ್ಷನ್ 8ರ ಪ್ರಕಾರ ಅಂಗೀಕಾರ, ಹಾಗಾಗಿ ದುಡ್ಡು ಅವನದೇ. ಉತ್ತರ ಪೂರ್ತಿ ಉಲ್ಟಾ. ಆರಕ್ಕೆ ಒಂದು ಅಂಕ ಬಂತು, ಪಕ್ಕದಲ್ಲಿ ಮೇಡಂ ಕೆಂಪು ಇಂಕಿನಲ್ಲಿ ‘ಪ್ರಶ್ನೆ ಓದಿದ್ರಾ?’ ಅಂತ ಬರೆದಿದ್ದರು. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಅವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಅನ್ನುವುದರ ಮೇಲೇ ಇಡೀ ಕೇಸು ನಿಂತಿದೆ ಅಂತ ಗೈಡ್‌ನಲ್ಲಿ ಒಂದು ಸಾಲು ಇದ್ದಿದ್ದರೆ ಹೀಗೆ ಕಣ್ಮುಚ್ಚಿ ಬರೆಯುತ್ತಿರಲಿಲ್ಲ.

ಟಾರ್ಟ್ ಗೈಡ್‌ನಲ್ಲಿ ಕಥೆಯೇ ತಪ್ಪು. ಬಸವನಹುಳು ಕೇಸು, ಅದೇ ಡೊನೊಗ್ಯೂ ಕೇಸು, 1932ರದ್ದು. ಸ್ಕಾಟ್ಲೆಂಡಿನ ಪೈಸ್ಲಿ ಅನ್ನುವ ಊರಿನ ಕೆಫೆಯಲ್ಲಿ ನಡೆದದ್ದು. ಕುಡಿದ ಪಾನೀಯದ ಬಾಟಲಿಯಲ್ಲಿ ಬಸವನಹುಳು ಇತ್ತು ಅನ್ನುವುದು ಡೊನೊಗ್ಯೂ ಅನ್ನುವ ಹೆಂಗಸಿನ ದೂರು. ಗೈಡ್ ಪ್ರಕಾರ ಆಕೆ ‘ಬಿಯರ್ ಖರೀದಿಸಿ ಕುಡಿದಳು’. ಮೊದಲನೆಯದಾಗಿ ಅದು ಬಿಯರೇ ಅಲ್ಲ, ಜಿಂಜರ್ ಬಿಯರ್, ನಮ್ಮ ಗೋಲಿ ಸೋಡಾ ಥರದ ಶುಂಠಿ ಪಾನೀಯ. ಪಾಪ, ಆಯಮ್ಮನನ್ನು ಸುಮ್ನೆ ಕುಡುಕಿ ಮಾಡಿಟ್ಟಿದ್ದಾರೆ. ಅದು ಹೋಗಲಿ, ಆಕೆ ಖರೀದಿಯನ್ನೇ ಮಾಡಿರಲಿಲ್ಲ. ಜೊತೆಗೆ ಬಂದಿದ್ದ ಸ್ನೇಹಿತರು ದುಡ್ಡು ಕೊಟ್ಟಿದ್ದರು. ಆಕೆಗೂ ಅಂಗಡಿಯವನಿಗೂ ಕರಾರಿನ ಸಂಬಂಧ ಇರಲಿಲ್ಲ, ಅದಕ್ಕೇ ತಯಾರಕನ ಮೇಲೆ ನಿರ್ಲಕ್ಷ್ಯದ ದಾವೆ ಹೂಡಬೇಕಾಯಿತು. ಆಕೆಯೇ ಕೊಂಡಳು ಅಂದುಬಿಟ್ಟರೆ ಆ ಕೇಸಿನಲ್ಲಿ ಓದುವುದಕ್ಕೆ ಉಳಿಯುವುದು ಹುಳು ಮಾತ್ರ.

ಅನುವಾದದ ಬಗ್ಗೆ ಜಾಸ್ತಿ ಹೇಳಲ್ಲ. ಇಂಗ್ಲಿಷಿನ ಕನ್ಸಿಡರೇಶನ್‌ಗೆ ಒಂದು ಪುಟದಲ್ಲಿ ‘ಪ್ರತಿಫಲ’ ಅಂತ ಸರಿಯಾಗಿಯೇ ಇದೆ, ಮುಂದಿನ ಪುಟದಲ್ಲಿ ಅದೇ ‘ಪರಿಗಣನೆ’ ಆಗಿದೆ. ಮೈನರ್‌ನ, ಅಂದರೆ ಅಪ್ರಾಪ್ತ ವಯಸ್ಕನ ಒಪ್ಪಂದ ಅನ್ನಬೇಕಾದ ಕಡೆ ‘ಚಿಕ್ಕ ಒಪ್ಪಂದ’. ಒಂದೇ ಸಮಸ್ಯೆಯಲ್ಲಿ ‘ಅ’ ಅನ್ನುವವನು ಸಾಲ ತಗೊಳ್ಳುತ್ತಾನೆ, ‘ಎ’ ಅನ್ನುವವನು ತೀರಿಸುತ್ತಾನೆ. ಇಬ್ಬರೂ ಒಬ್ಬನೇ ಅಂತ ಅರ್ಥವಾಗಲು ನನಗೆ ಹತ್ತು ನಿಮಿಷ ಬೇಕಾಯಿತು.

ಕ್ರಿಮಿನಲ್ ಗೈಡ್ ಮಾತ್ರ ದಯವಿಟ್ಟು ತಗೊಳ್ಳಬೇಡಿ. ರಕ್ಷಾಪುಟದಲ್ಲಿ ‘ಹೊಸ ಕಾನೂನಿನಂತೆ ಪರಿಷ್ಕೃತ’ ಅಂತ ದೊಡ್ಡದಾಗಿ ಹಾಕಿದ್ದಾರೆ. ಪರಿಷ್ಕರಣೆ ಅಂದರೆ ಏನು ಮಾಡಿದ್ದಾರೆ ಅಂದರೆ, ಹಳೆಯ ದಂಡ ಸಂಹಿತೆ (ಐಪಿಸಿ) ಅಂತ ಇದ್ದ ಕಡೆಯೆಲ್ಲ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಅಂತ ಬದಲಾಯಿಸಿ ನಂಬರ್‌ಗಳನ್ನು ಹಾಗೇ ಬಿಟ್ಟಿದ್ದಾರೆ. ಹಾಗಾಗಿ ಮೋಸಕ್ಕೆ ‘ನ್ಯಾಯ ಸಂಹಿತೆ ಸೆಕ್ಷನ್ 420’! ಅದರಲ್ಲಿ ಇರುವುದೇ ಒಟ್ಟು 358 ಸೆಕ್ಷನ್. ಮೋಸ ಈಗ 318ರಲ್ಲಿದೆ. ಕೊಲೆಗೆ ಶಿಕ್ಷೆ 103ರಲ್ಲಿದೆ, ಗೈಡ್ ಇನ್ನೂ 302 ಅನ್ನುತ್ತದೆ. ಹೊಸ ಸಂಹಿತೆಯ 302 ತೆಗೆದು ನೋಡಿ, ಅದು ಬೇರೆಯವರ ಧಾರ್ಮಿಕ ಭಾವನೆಗೆ ನೋವು ಮಾಡಬೇಕು ಅಂತಲೇ ಮಾತಾಡುವುದರ ಬಗ್ಗೆ. ಕೊಲೆ ಮಾಡಿದವನ ಮೇಲೆ ಆ ಸೆಕ್ಷನ್ ಹಾಕಿ ಉತ್ತರ ಬರೆದರೆ ಮೌಲ್ಯಮಾಪನ ಮಾಡುವವರಿಗೆ ಒಳ್ಳೆಯ ಮನರಂಜನೆ. ಇನ್ನೊಂದು ಸಮಸ್ಯೆಯಲ್ಲಿ ಕಳ್ಳತನ ನಡೆದದ್ದು 2023ರ ನವೆಂಬರ್‌ನಲ್ಲಿ. ಹೊಸ ಸಂಹಿತೆ ಬಂದದ್ದು 2024ರ ಜುಲೈ 1ಕ್ಕೆ, ಹಾಗಾಗಿ ಆ ಕಳ್ಳನಿಗೆ ಹಳೆಯ ದಂಡ ಸಂಹಿತೆಯೇ. ಗೈಡ್ ಆ ತಾರೀಖಿನ ಕಡೆ ತಿರುಗಿಯೂ ನೋಡಿಲ್ಲ.

ಈಗ ಸಮಸ್ಯೆಗಳಿಗೆ ನಾನು ಬೇರ್ ಆ್ಯಕ್ಟ್, ಅಂದರೆ ಟೀಕೆ ಟಿಪ್ಪಣಿ ಇಲ್ಲದ ಕಾಯ್ದೆಯ ಮೂಲ ಪಠ್ಯ, ಇಟ್ಟುಕೊಂಡಿದ್ದೇನೆ. ಕರಾರು ಕಾಯ್ದೆಯ ಸೆಕ್ಷನ್‌ಗಳ ಕೆಳಗೆ ಸಣ್ಣ ಸಣ್ಣ ಉದಾಹರಣೆಗಳಿವೆಯಲ್ಲ, ಅವೇ ಸಮಸ್ಯೆಗಳು. ಸೆಕ್ಷನ್ 20ರ ಕೆಳಗೆ ಒಂದು ಕುದುರೆ ವ್ಯಾಪಾರ ಇದೆ. ಮಾತುಕತೆ ನಡೆಯುವಾಗಲೇ ಕುದುರೆ ಸತ್ತಿರುತ್ತದೆ, ಇಬ್ಬರಿಗೂ ಗೊತ್ತಿರುವುದಿಲ್ಲ, ಆ ಒಪ್ಪಂದ ಶೂನ್ಯ. ಮಾರುವವನಿಗೆ ಗೊತ್ತಿದ್ದರೆ? ಕುದುರೆ ಮರುದಿನ ಸತ್ತಿದ್ದರೆ? ಹೀಗೆ ನಾನೇ ತಿರುಚಿ ಬರೆದುಕೊಂಡು, ಗೆಳೆಯನ ಹತ್ತಿರ ಉತ್ತರ ಕೇಳಿ, ಟೀ ಅಂಗಡಿಯಲ್ಲಿ ಜಗಳ ಆಡುತ್ತೇವೆ. ಬೇರ್ ಆ್ಯಕ್ಟ್ ಇಂಡಿಯಾ ಕೋಡ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಬೇಕಾದ ಪುಟ ಪ್ರಿಂಟ್ ಹಾಕಿಸಿದರೆ ಆಯಿತು.

ಐದಕ್ಕೆ ಎಷ್ಟು ಅಂದರೆ ಕರಾರು ಗೈಡ್‌ಗೆ ಮೂರು, ಟಾರ್ಟ್‌ಗೆ ಎರಡು, ಕ್ರಿಮಿನಲ್‌ಗೆ ಸೊನ್ನೆ. ಕರಾರು ಗೈಡ್ ಅರ್ಧ ಬೆಲೆಗೆ ಯಾರಿಗಾದರೂ ಬೇಕಿದ್ದರೆ ಹೇಳಿ. ಪೆನ್ಸಿಲ್‌ನಲ್ಲಿ ನಾನು ತಿದ್ದಿರುವುದಕ್ಕೆ ಬೇರೆ ದುಡ್ಡು ಕೇಳಲ್ಲ.