ರೇಂಜರ್ಸ್, ಐಲ್ಯಾಂಡರ್ಸ್, ಡೆವಿಲ್ಸ್: ಯಾರ ಮನೆಯಲ್ಲಿ ಐಸ್ ಹಾಕಿ ನೋಡಬೇಕು?

ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಇರುವ ನಮ್ಮವರಿಗೆ ಟ್ರೈನಿನಲ್ಲೇ ಹೋಗಿಬರಬಹುದಾದ ಎನ್‌ಎಚ್‌ಎಲ್ (ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್) ಅರೀನಾಗಳು ಮೂರಿವೆ. ಮ್ಯಾನ್‌ಹ್ಯಾಟನ್‌ನಲ್ಲಿ ರೇಂಜರ್ಸ್ ತಂಡದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಎಲ್ಮಾಂಟ್‌ನಲ್ಲಿ ಐಲ್ಯಾಂಡರ್ಸ್ ಆಡುವ ಯುಬಿಎಸ್ ಅರೀನಾ, ನೆವಾರ್ಕ್‌ನಲ್ಲಿ ಡೆವಿಲ್ಸ್ ತಂಡದ ಪ್ರುಡೆನ್ಶಿಯಲ್ ಸೆಂಟರ್. ಮೂರರಲ್ಲೂ ಕೂತು ನೋಡಿದ್ದೇನೆ. ರಿಂಕ್, ಅಂದರೆ ಆಡುವ ಐಸ್ ಅಂಗಳ, ಎಲ್ಲ ಕಡೆ ಒಂದೇ ಅಳತೆ, 200 ಅಡಿ ಉದ್ದ, 85 ಅಡಿ ಅಗಲ. ಹಾಗಾಗಿ ವ್ಯತ್ಯಾಸವೆಲ್ಲ ಸೀಟಿನದ್ದು, ಜನರದ್ದು ಮತ್ತು ರಾತ್ರಿ ಮನೆಗೆ ಬರುವ ದಾರಿಯದ್ದು.

ಗದ್ದಲ ಬೇಕೆಂದರೆ ಗಾರ್ಡನ್‌ಗೇ ಹೋಗಬೇಕು. 1968ರಲ್ಲಿ ಪೆನ್ ಸ್ಟೇಷನ್ ತಲೆಯ ಮೇಲೇ ಕಟ್ಟಿದ್ದು. ಲೀಗಿನಲ್ಲಿ ಇದೇ ಅತಿ ಹಳೆಯದು. ರಿಂಕ್ ಇರುವುದು ಬೀದಿಗಿಂತ ನಾಲ್ಕೈದು ಮಹಡಿ ಮೇಲೆ, ಟ್ರೈನುಗಳೆಲ್ಲ ಅದರ ಕೆಳಗೆ. ಆಟದ ಮಧ್ಯೆ ಇದ್ದಕ್ಕಿದ್ದ ಹಾಗೆ ಯಾರೋ ಒಂದು ರಾಗ ಶಿಳ್ಳೆ ಹಾಕುತ್ತಾರೆ, ಅದು ಮುಗಿಯುತ್ತಿದ್ದ ಹಾಗೆ ಸುತ್ತಲಿನವರೆಲ್ಲ ಸೇರಿ ಪಾಟ್ವಿನ್‌ನನ್ನು ಬೈಯುತ್ತಾರೆ. ಡೆನಿಸ್ ಪಾಟ್ವಿನ್ ಐಲ್ಯಾಂಡರ್ಸ್ ಆಟಗಾರ. 1979ರಲ್ಲಿ ಅವನು ಡಿಕ್ಕಿ ಹೊಡೆದಾಗ ರೇಂಜರ್ಸ್‌ನ ಉಲ್ಫ್ ನಿಲ್ಸನ್ ಕಾಲಿನ ಗಿಣ್ಣು ಮುರಿಯಿತು. ಪಾಟ್ವಿನ್ 1988ರಲ್ಲೇ ಆಟ ಬಿಟ್ಟ. ಬೈಗುಳ ಮಾತ್ರ ಇನ್ನೂ ನಿಂತಿಲ್ಲ, ಅವತ್ತಿನ ಎದುರಾಳಿ ಯಾರೇ ಇರಲಿ! ಆಗ ಹುಟ್ಟೇ ಇರದ ಹುಡುಗರೂ ಗಂಟಲು ಹರಿದುಕೊಳ್ಳುತ್ತಾರೆ. ಇದು ಬೇರೆಲ್ಲೂ ಸಿಗದ ಮಜಾ. ಆದರೆ ಮೂರರಲ್ಲಿ ಟಿಕೆಟ್ ದುಬಾರಿ ಇಲ್ಲೇ. ಆಟಕ್ಕೆ ಮೊದಲು ಲೆಕ್ಸಿಂಗ್ಟನ್ ಅವೆನ್ಯೂ ತನಕ ನಡೆದು ದೋಸೆ ತಿಂದುಬರಬಹುದು, ಅದೊಂದು ಲಾಭ.

ಬರೀ ಆಟ ನೋಡುವುದಕ್ಕಾದರೆ ನನ್ನ ಓಟು ಯುಬಿಎಸ್‌ಗೆ. 2021ರ ನವೆಂಬರ್‌ನಲ್ಲಿ ತೆರೆದದ್ದು, ಹಾಕಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ಐಲ್ಯಾಂಡರ್ಸ್ ತಂಡದ ಹಳೆಯ ಮನೆ ನಾಸೌ ಕಲೋಸಿಯಂ ಹಾಗೆಯೇ ಇರಲಿ ಅಂತ ಸೂರನ್ನು ತಗ್ಗಿಸಿದ್ದಾರೆ, ಕೂಗಿದ್ದು ಮೇಲೆ ಹೋಗಿ ಕರಗುವುದಿಲ್ಲ. ಇದರ ಬೆಲೆ ಗೊತ್ತಾಗಬೇಕಾದರೆ ಐಲ್ಯಾಂಡರ್ಸ್ ಇದಕ್ಕೂ ಮೊದಲು ಬ್ರೂಕ್ಲಿನ್‌ನಲ್ಲಿ ಆಡುತ್ತಿದ್ದದ್ದು ನೆನಪಿರಬೇಕು. ಬಾಸ್ಕೆಟ್‌ಬಾಲ್‌ಗೆಂದು ಕಟ್ಟಿದ ಆ ಅರೀನಾದಲ್ಲಿ ಸ್ಕೋರ್‌ಬೋರ್ಡ್ ರಿಂಕಿನ ನಡುವೆ ಇರದೆ ಒಂದು ಪಕ್ಕಕ್ಕೆ ನೇತಾಡುತ್ತಿತ್ತು. ಕೆಲವು ಸೀಟುಗಳಿಂದ ಒಂದು ಗೋಲು ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಎಲ್ಮಾಂಟ್‌ನ ಕಷ್ಟ ಅಂದರೆ ದೂರ. ಲಾಂಗ್ ಐಲ್ಯಾಂಡ್ ರೈಲು ಹಿಡಿದು ಪೆನ್ ಸ್ಟೇಷನ್‌ಗೆ ಬಂದು, ಅಲ್ಲಿಂದ ಮತ್ತೆ ನ್ಯೂಜೆರ್ಸಿ ಟ್ರೈನು. ಮಾರನೆ ದಿನ ಬೆಳಿಗ್ಗೆ ಆಫೀಸ್ ಇದ್ದರೆ ಬೇಡ.

ಅದಕ್ಕೇ ವಾರದ ಮಧ್ಯೆ ನಾನು ಹೋಗುವುದು ನೆವಾರ್ಕ್‌ಗೆ. ಎಡಿಸನ್‌ನಿಂದ ಟ್ರೈನಿನಲ್ಲಿ ಅರ್ಧ ಗಂಟೆಯ ಆಸುಪಾಸು, ಸ್ಟೇಷನ್‌ನಿಂದ ಅರೀನಾಗೆ ನಾಲ್ಕು ಹೆಜ್ಜೆ. 2007ರಲ್ಲಿ ತೆರೆದದ್ದು. ಹೊರಗೆ ಡೆವಿಲ್ಸ್‌ನ ಗೋಲಿ (ಗೋಲ್‌ಕೀಪರ್) ಮಾರ್ಟಿನ್ ಬ್ರೊಡ್ಯೂರ್ ಅವರ ಪ್ರತಿಮೆ ಇದೆ. 691 ಪಂದ್ಯ ಗೆದ್ದ ಗೋಲಿ ಅವರು, ಲೀಗಿನಲ್ಲಿ ಯಾರೂ ಅಷ್ಟು ಗೆದ್ದಿಲ್ಲ. ಜನ ಗಾರ್ಡನ್‌ನಷ್ಟು ಕಿರುಚುವುದಿಲ್ಲ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅದು ಒಳ್ಳೆಯದೇ ಅಲ್ವಾ?

ಸೀಟಿನ ವಿಷಯ ಮೂರು ಕಡೆಗೂ ಒಂದೇ. ಗಾಜಿನ ಪಕ್ಕದ ಸೀಟು ಅಂದರೆ ಎಲ್ಲರಿಗೂ ಆಸೆ. ನೆವಾರ್ಕ್‌ನಲ್ಲಿ ಅಲ್ಲೂ ಕೂತಿದ್ದೆ. ಸ್ಕೇಟ್ ಐಸ್ ಕೆರೆಯುವ ಸದ್ದು ಕಿವಿಗೇ ಬೀಳುತ್ತದೆ, ಇಬ್ಬರು ಬಂದು ಅಪ್ಪಳಿಸಿದರೆ ಗಾಜು ಅದುರಿ ಕೈಯಲ್ಲಿನ ಪಾಪ್‌ಕಾರ್ನ್ ಚೆಲ್ಲುತ್ತದೆ. ಆದರೆ ಪಕ್ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ನಮ್ಮ ಕಡೆಯ ಹಲಗೆಗೆ ಅಂಟಿಕೊಂಡು ಬಂದರೆ ಕಾಣುವುದೇ ಇಲ್ಲ, ತಲೆಯೆತ್ತಿ ಸ್ಕ್ರೀನ್ ನೋಡಬೇಕು. ಗೋಲಿನ ಹಿಂದೆ ಕೂತರೆ ಬಲೆಯ ಮೂಲಕ ನೋಡಬೇಕು. 2002ರಲ್ಲಿ ಕೊಲಂಬಸ್‌ನಲ್ಲಿ ಪಕ್ ತಗುಲಿ ಒಬ್ಬ ಹುಡುಗಿ ತೀರಿಕೊಂಡ ಮೇಲೆ ಎಲ್ಲ ಅರೀನಾಗಳಲ್ಲೂ ಕಡ್ಡಾಯ ಮಾಡಿದ ಬಲೆ ಅದು. ಮೊದಲ ಸಲ ಹೋಗುವವರು ಸುಮ್ನೆ ಮೇಲಿನ ಹಂತದ ಮೂಲೆಯ ಸೀಟು ತಗೊಳ್ಳಿ. ಪಾಸ್ ಹೇಗೆ ಹೊರಟಿತು, ಯಾರು ಖಾಲಿ ಜಾಗಕ್ಕೆ ನುಗ್ಗಿದರು ಅನ್ನುವುದು ಅಲ್ಲಿಂದಲೇ ಅರ್ಥವಾಗುವುದು. ಆಟಕ್ಕೆ ಮೂರು ಪೀರಿಯಡ್, ಅಂದರೆ ಮೂರು ಭಾಗ; ಊರಿನ ತಂಡ ಮೊದಲ ಮತ್ತು ಮೂರನೇ ಪೀರಿಯಡ್‌ನಲ್ಲಿ ದಾಳಿ ಮಾಡುವ ಕಡೆಯೇ ನೋಡಿ ತಗೊಳ್ಳಿ, ಹತ್ತಿರದಿಂದ ಗೋಲು ಕಾಣುವ ಅವಕಾಶ ಜಾಸ್ತಿ.

ಇನ್ನೊಂದು ಮಾತು. ನೆವಾರ್ಕ್‌ಗೆ ರೇಂಜರ್ಸ್ ಬರುವ ದಿನ ಟಿಕೆಟ್ ಏರುತ್ತದೆ, ಡೆವಿಲ್ಸ್ ಮನೆಯಲ್ಲೇ ಎಲ್ಲಿ ನೋಡಿದರೂ ನೀಲಿ ಜೆರ್ಸಿ. ಕಮ್ಮಿ ದುಡ್ಡಿನಲ್ಲಿ ಆಟ ಕಲಿಯಬೇಕಾದರೆ ಆ ದಿನ ಬಿಟ್ಟು ಬೇರೆ ಯಾವುದಾದರೂ ಮಂಗಳವಾರ ಹೋಗಿ.