ಹಳೆಯ ಬಿಸಿಎಂ ಬಿಚ್ಚಲು ಬಿಡುವ ಮುನ್ನ ಇದನ್ನು ಓದಿ

ಒಂದು ಎಸ್‌ಯುವಿ. ಜೋರು ಮಳೆ ಸುರಿದ ಮಾರನೇ ದಿನದಿಂದ ವೈಪರ್ ತನ್ನಷ್ಟಕ್ಕೆ ಓಡತೊಡಗಿತು. ನಿಂತಲ್ಲೇ ಸೆಂಟ್ರಲ್ ಲಾಕ್ ಟಕ್ ಟಕ್ ಎನ್ನುತ್ತಿತ್ತು, ಎಡ ಇಂಡಿಕೇಟರ್ ಹಾಕಿದರೆ ಜೊತೆಗೆ ಪಾರ್ಕಿಂಗ್ ಲೈಟೂ ಮಿಣುಕುತ್ತಿತ್ತು. ಎರಡು ರಾತ್ರಿ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಯು 0140 ಎಂಬ ಕೋಡ್ ಸಿಕ್ಕಿತು. ಹತ್ತು ನಿಮಿಷದಲ್ಲಿ ತೀರ್ಪೂ ಬಂತು: ‘ಬಾಡಿ ಕಂಟ್ರೋಲ್ ಮಾಡ್ಯೂಲ್ ಹೋಗಿದೆ, ಬದಲಿಸಬೇಕು.’ ಬಿಸಿಎಂ ಎಂದರೆ ಇದೇ: ವೈಪರ್, ಲಾಕ್, ಲೈಟುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ.

ಮೊದಲು ಬೇರೊಂದು ಗಾಡಿಯಿಂದ ಬಿಚ್ಚಿದ, ಅದೇ ಪಾರ್ಟ್ ನಂಬರಿನ ಹಳೇ ಬಿಸಿಎಂ ತಂದು ಕೂರಿಸಿದರು. ವೈಪರ್ ಸುಮ್ಮನಾಯಿತು. ಆದರೆ ಸೆಲ್ಫ್ ಹೊಡೆದರೆ ಇಂಜಿನ್ ಒಂದು ಕ್ಷಣ ಹತ್ತಿ ಆರಿಹೋಗುತ್ತಿತ್ತು. ಮೀಟರಿನಲ್ಲಿ ಕಿಲೋಮೀಟರ್ ಇರಬೇಕಾದ ಕಡೆ ಬರೀ ಗೆರೆ. ಸನ್‌ರೂಫ್ ಸ್ವಿಚ್ ಒತ್ತಿದರೆ ಏನೂ ಆಗದು. ಹಳೆಯದನ್ನೇ ಮರಳಿ ಹಾಕೋಣವೆಂದರೆ, ಅಷ್ಟರಲ್ಲಿ ಅದರ ಡಬ್ಬಿಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬೋರ್ಡನ್ನು ಸೀಳಿಯಾಗಿತ್ತು. ಅದರೊಳಗಿದ್ದ ಕಾನ್ಫಿಗರೇಶನ್ನನ್ನು, ಅಂದರೆ ಆ ಗಾಡಿಯಲ್ಲಿ ಏನೇನಿದೆ ಎಂಬ ದಾಖಲೆಯನ್ನು, ಯಾರೂ ಓದಿಟ್ಟುಕೊಂಡಿರಲಿಲ್ಲ. ಆಮೇಲೆ ಹೊಸದು ಬಂತು. ಪ್ರೋಗ್ರಾಮಿಂಗ್ ಅರ್ಧದಲ್ಲಿದ್ದಾಗ ಬ್ಯಾಟರಿ ಕುಸಿದು ಅದೂ ಮೂಕವಾಯಿತು. ಮೂರನೆಯದು ಸರಿಯಾಗಿ ಕೂತಿತು, ಕೀಗಳನ್ನೂ ಒಪ್ಪಿಕೊಂಡಿತು. ಮುಂದಿನ ಜೋರು ಮಳೆಗೆ ವೈಪರ್ ಮತ್ತೆ ತನ್ನಷ್ಟಕ್ಕೆ ಓಡಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ ಇದು. ನಿಜವಾದ ದೋಷ ಇದ್ದದ್ದು ಮುಂಗಾಜಿನ ಬುಡದಲ್ಲಿ. ವೈಪರ್ ಕೆಳಗಿನ ತೊಟ್ಟಿಯಿಂದ ನೀರು ಹೊರಹೋಗುವ ರಂಧ್ರವನ್ನು ತರಗೆಲೆ ಕಟ್ಟಿತ್ತು. ಏರಿದ ನೀರು ವೈರಿಂಗ್ ಒಳಬರುವ ರಬ್ಬರ್ ಗ್ರಾಮೆಟ್ ದಾಟಿ, ವೈರುಗಳ ಗುಂಟ ಇಳಿದು ಬಿಸಿಎಂನ ಕೆಳಗಿನ ಕಪ್ಲರಿಗೆ (ವೈರುಗಳನ್ನು ಸಿಕ್ಕಿಸುವ ಪ್ಲಗ್) ಸೇರುತ್ತಿತ್ತು. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಪಕ್ಕದಲ್ಲಿ, ಗಾಜಿಗೂ ಬಾಗಿಲಿಗೂ ನಡುವಿನ ಕಂಬದ ಬುಡದಲ್ಲಿದ್ದ ಅರ್ಥ್ ಬೋಲ್ಟ್ (ಕರೆಂಟ್ ಗಾಡಿಯ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ತುಕ್ಕು ತಿಂದಿತ್ತು.

ಬಿಸಿಎಂ ಸ್ವಿಚ್ಚುಗಳನ್ನು ಓದುವುದು ಕೆಲವೇ ಮಿಲಿ ಆಂಪಿಯರ್ ಕರೆಂಟಿನಿಂದ. ಒದ್ದೆ ಕಿಲುಬಿನ ಮೂಲಕ ಅಷ್ಟು ಕರೆಂಟ್ ಸೋರಿದರೂ ಯಾರೋ ಸ್ವಿಚ್ ಒತ್ತಿದ್ದಾರೆಂದೇ ಅದು ತಿಳಿಯುತ್ತದೆ, ವೈಪರ್ ಓಡಿಸುತ್ತದೆ. ಲಾಕ್ ಕುಣಿದಾಗಲೆಲ್ಲ ಗಾಡಿಯ ಇಡೀ ನೆಟ್‌ವರ್ಕ್ ನಿದ್ದೆಯಿಂದ ಏಳುತ್ತದೆ. ಬ್ಯಾಟರಿ ಇಳಿದದ್ದು ಹಾಗೆ. ಇಂಡಿಕೇಟರ್ ಜೊತೆ ಪಾರ್ಕಿಂಗ್ ಲೈಟ್ ಮಿಣುಕಿದ್ದು ಅರ್ಥ್ ಸಡಿಲವಾದ್ದರಿಂದ: ದಾರಿ ಸಿಗದ ಕರೆಂಟ್ ಪಕ್ಕದ ಬಲ್ಬಿನ ಮೂಲಕ ವಾಪಸ್ ಹೋಗಲು ನೋಡುತ್ತದೆ.

ಹಾಗಾದರೆ ಪ್ರತಿಸಲ ಬದಲಿಸಿದಾಗಲೂ ವೈಪರ್ ಸುಮ್ಮನಾದದ್ದು ಏಕೆ? ಕಪ್ಲರ್ ಬಿಚ್ಚಿ ಹಾಕುವಾಗ ಪಿನ್ನುಗಳು ಉಜ್ಜಿಕೊಂಡು ಹೊಳಪಾಗುತ್ತವೆ. ಕೆಲಸ ನಡೆಯುವಷ್ಟು ಹೊತ್ತಿನಲ್ಲಿ ನೀರೂ ಆರುತ್ತದೆ. ಬದಲಿಸಿದ ಕೂಡಲೇ ಸರಿಹೋಯಿತು ಎಂಬುದು ಹಳೆಯದು ಕೆಟ್ಟಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಈ ಒಂದು ಮಾತನ್ನು ಗಟ್ಟಿ ಮಾಡಿಕೊಂಡರೂ ಅರ್ಧ ನಷ್ಟ ತಪ್ಪುತ್ತದೆ.

ಯು 0140 ಕೋಡಿನ ಅರ್ಥವನ್ನೂ ಸರಿಯಾಗಿ ತಿಳಿಯಬೇಕು. ‘ಬಿಸಿಎಂ ಕೆಟ್ಟಿದೆ’ ಎಂದು ಅದು ಹೇಳುವುದಿಲ್ಲ. ‘ಬಿಸಿಎಂನ ದನಿ ನನಗೆ ಕೇಳಿಸಲಿಲ್ಲ’ ಎಂದು ಬೇರೊಂದು ಮಾಡ್ಯೂಲ್ ಬರೆದಿಟ್ಟ ದೂರು ಅದು. ದನಿ ಕೇಳಿಸದಿರಲು ಸಪ್ಲೈ ಇಲ್ಲದಿರಬಹುದು, ಅರ್ಥ್ ಇಲ್ಲದಿರಬಹುದು, ಮಾಡ್ಯೂಲುಗಳು ಪರಸ್ಪರ ಮಾತಾಡುವ ಕ್ಯಾನ್ ವೈರು ಕಡಿದಿರಬಹುದು. ಬ್ಯಾಟರಿ ಪೂರ್ತಿ ಇಳಿದ ದಿನವೂ ಇದೇ ಕೋಡ್ ದಾಖಲಾಗಬಹುದು. ಆದ್ದರಿಂದ ಮೊದಲು ಬ್ಯಾಟರಿ ನೋಡಿ. ಕೆಲವು ಗಂಟೆ ಸುಮ್ಮನೆ ನಿಂತ ಗಾಡಿಯಲ್ಲಿ 12.4ರಿಂದ 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳುವ ಬ್ಯಾಟರಿಯನ್ನು ಇಟ್ಟುಕೊಂಡು ಯಾವ ಮಾಡ್ಯೂಲಿನ ಮೇಲೂ ಅನುಮಾನ ಪಡಬೇಡಿ.

ಇನ್ನು ಅರ್ಥ್. ಇದನ್ನು ಓಮ್‌ನಲ್ಲಿ ಅಳೆಯುವುದು ಗ್ಯಾರೇಜುಗಳ ಹಳೇ ಚಾಳಿ, ಮೋಸ ಹೋಗುವುದೂ ಅಲ್ಲೇ. ತುಕ್ಕು ಹಿಡಿದ ಜೋಡಣೆ ಮೀಟರಿನಲ್ಲಿ 0.2 ಓಮ್ ತೋರಿಸಿದರೆ ‘ಚೆನ್ನಾಗಿದೆ’ ಎಂದು ಮುಚ್ಚಿಬಿಡುತ್ತಾರೆ. ಅದರಲ್ಲಿ 10 ಆಂಪಿಯರ್ ಹರಿದರೆ 2 ವೋಲ್ಟ್ ಅಲ್ಲೇ ಕರಗುತ್ತದೆ. ಸರಿಯಾದ ಕ್ರಮವೆಂದರೆ ಕರೆಂಟ್ ಹರಿಯುತ್ತಿರುವಾಗಲೇ ಅಳೆಯುವುದು. ಕಪ್ಲರ್ ಹಾಕಿದ್ದಂತೆಯೇ ಇರಲಿ. ಹೆಡ್‌ಲೈಟ್, ವೈಪರ್, ಇಂಡಿಕೇಟರ್ ಎಲ್ಲ ಚಾಲೂ ಮಾಡಿ, ಮಲ್ಟಿಮೀಟರಿನ ಕಪ್ಪು ವೈರನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹಿಡಿಯಿರಿ, ಕೆಂಪನ್ನು ಕಪ್ಲರಿನ ಹಿಂಬದಿಯಿಂದ ಬಿಸಿಎಂನ ಅರ್ಥ್ ಪಿನ್ನಿಗೆ ತಾಗಿಸಿ. 0.1 ವೋಲ್ಟ್ ಒಳಗಿದ್ದರೆ ಸರಿ. ಅರ್ಧ ವೋಲ್ಟ್ ಕಂಡರೆ ಬಿಸಿಎಂ ಮಾತು ಬಿಟ್ಟು ಅರ್ಥ್ ಬೋಲ್ಟ್ ಹುಡುಕಿ. ಬಿಸಿಎಂಗೆ ಒಂದೇ ಅರ್ಥ್ ಇರುವುದು ಅಪರೂಪ, ಸರ್ಕ್ಯೂಟ್ ಚಿತ್ರ ನೋಡಿ ಎಲ್ಲವನ್ನೂ ಅಳೆಯಬೇಕು.

ಸಪ್ಲೈ ಕೂಡ ಒಂದೇ ಫ್ಯೂಸಿನಿಂದ ಬರುವುದಿಲ್ಲ. ಲಾಕಿಗೆ ಒಂದು, ಲೈಟಿಗೆ ಒಂದು, ಬಿಸಿಎಂನ ಪ್ರೊಸೆಸರಿಗೇ ಒಂದು, ಹೀಗೆ ಹಲವು ಫ್ಯೂಸುಗಳು. ಕಪ್ಲರ್ ಬಿಚ್ಚಿ, ಪ್ರತಿ ಸಪ್ಲೈ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ 21 ವ್ಯಾಟ್ ಬಲ್ಬ್ ಕಟ್ಟಿ ನೋಡಿ. ಸುಮಾರು 1.75 ಆಂಪಿಯರ್ ಎಳೆಯುವ ಆ ಬಲ್ಬ್ ಪೂರ್ತಿ ಬೆಳಗಬೇಕು. ಬರೀ ಮೀಟರ್ ಹಿಡಿದರೆ ಒಂದೇ ಎಳೆಯಲ್ಲಿ ನೇತಾಡುವ ವೈರೂ 12 ವೋಲ್ಟ್ ತೋರಿಸುತ್ತದೆ. ಕಪ್ಲರಿನ ಸಣ್ಣ ತೂತಿಗೆ ಮೀಟರಿನ ದಪ್ಪ ಮೊನೆ ತುರುಕಬೇಡಿ. ಒಳಗಿನ ಹಿತ್ತಾಳೆ ಬಾಯಿ ಅಗಲವಾದರೆ ಬಿಟ್ಟು ಬಿಟ್ಟು ಬರುವ ಹೊಸ ದೋಷವೊಂದನ್ನು ನೀವೇ ಹುಟ್ಟಿಸಿದ ಹಾಗೆ. ಅದೇ ಅಳತೆಯ ಟರ್ಮಿನಲ್ ಪಿನ್ ಬಳಸಿ. ಹಳದಿ ಕಪ್ಲರುಗಳು ಏರ್‌ಬ್ಯಾಗಿನವು, ಅವುಗಳ ತಂಟೆಗೆ ಹೋಗಲೇಬೇಡಿ.

ಕ್ಯಾನ್ ವೈರಿನ ಪರೀಕ್ಷೆ ಎರಡು ನಿಮಿಷದ ಕೆಲಸ. ಬ್ಯಾಟರಿಯ ನೆಗೆಟಿವ್ ತೆಗೆದು ಸ್ಕ್ಯಾನರ್ ಹಾಕುವ ಒಬಿಡಿ ಕಪ್ಲರಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆಯಿರಿ. ಸುಮಾರು 60 ಓಮ್ ಬಂದರೆ ಎರಡೂ ತುದಿಯ 120 ಓಮ್ ರೆಸಿಸ್ಟರುಗಳು ಇವೆ ಎಂದರ್ಥ. 120 ಬಂದರೆ ಎಲ್ಲೋ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಕೂಡಿಕೊಂಡಿವೆ. ಗೇಟ್‌ವೇ (ಒಬಿಡಿಗೂ ಉಳಿದ ಕ್ಯಾನ್ ವೈರುಗಳಿಗೂ ನಡುವೆ ನಿಲ್ಲುವ ಮಾಡ್ಯೂಲ್) ಇರುವ ಗಾಡಿಗಳಲ್ಲಿ ಈ ಅಳತೆ ಬಿಸಿಎಂ ಇರುವ ವೈರನ್ನು ಮುಟ್ಟದೆಯೂ ಇರಬಹುದು, ಅಲ್ಲಿ ಬಿಸಿಎಂ ಕಪ್ಲರಿನಲ್ಲೇ ನೋಡಬೇಕು.

ಇವೆಲ್ಲದರ ಜೊತೆ ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಕೊಳವೆ, ಹಿಂಬಾಗಿಲ ಮೇಲ್ತುದಿಯ ಕೊಳವೆ ಇವನ್ನು ಸರಿಸಿ ನೋಡಿ. ಎಸ್‌ಯುವಿಗಳಲ್ಲಿ ಹಿಂಬಾಗಿಲು ಎತ್ತಿ ಇಳಿಸಿ ಅಲ್ಲಿನ ವೈರುಗಳು ತುಂಡಾಗುವುದು ತೀರಾ ಸಾಮಾನ್ಯ. ಹೊರಗಿನಿಂದ ಹಾಕಿಸಿದ ಎಲ್‌ಇಡಿ, ಅಲಾರಂ, ಟ್ರೇಲರ್ ವೈರಿಂಗ್ ಇದ್ದರೆ ಬಿಚ್ಚಿಸಿ. ಈಗಿನ ಬಿಸಿಎಂಗಳು ಬಲ್ಬಿಗೆ ರಿಲೇ ಬದಲು ಟ್ರಾನ್ಸಿಸ್ಟರಿನಿಂದ ಕರೆಂಟ್ ಕೊಡುತ್ತವೆ. ಶಾರ್ಟ್ ಆದರೆ ಆ ಸಾಲನ್ನು ತಾವೇ ಮುಚ್ಚಿಕೊಳ್ಳುತ್ತವೆ. ಕೆಲವು ಗಾಡಿಗಳಲ್ಲಿ ಎಷ್ಟು ಸಲ ಶಾರ್ಟ್ ಆಯಿತೆಂದು ಲೆಕ್ಕವಿಟ್ಟು, ಮಿತಿ ಮೀರಿದರೆ ಶಾಶ್ವತವಾಗಿ ಮುಚ್ಚಿಬಿಡುತ್ತವೆ. ಶಾರ್ಟ್ ಹುಡುಕದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ಸಪ್ಲೈ, ಅರ್ಥ್, ಕ್ಯಾನ್ ಮೂರೂ ಸರಿಯಿದ್ದು ಬಿಸಿಎಂ ಉತ್ತರ ಕೊಡದಿದ್ದರೆ, ಅಥವಾ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಸ್ವಿಚ್ ಒತ್ತಿದ್ದು ಕಂಡು, ಶಾರ್ಟಿನ ಕೋಡೂ ಇಲ್ಲದೆ, ಔಟ್‌ಪುಟ್ ಪಿನ್ನಿನಲ್ಲಿ ಮಾತ್ರ ಏನೂ ಬಾರದಿದ್ದರೆ, ಆಗ ಅದು ಕೆಟ್ಟಿದೆ ಎನ್ನಬಹುದು.

ಆಗಲೂ ಹಳೆಯದನ್ನು ತಕ್ಷಣ ಬಿಚ್ಚಲು ಬಿಡಬೇಡಿ. ಅದಕ್ಕೆ ಇನ್ನೂ ಸ್ವಲ್ಪ ಜೀವವಿದ್ದರೆ ಮೊದಲು ಅದರಲ್ಲಿರುವುದನ್ನು ಓದಿಸಿ. ಸ್ಕ್ಯಾನರಿನ ಮಾಡ್ಯೂಲ್ ಬದಲಾವಣೆ ಆಯ್ಕೆ ಹಳೆಯದು ಕೂತಿರುವಾಗಲೇ ಕಾನ್ಫಿಗರೇಶನ್ ಎಳೆದುಕೊಂಡು ಹೊಸದಕ್ಕೆ ಬರೆಯುವಂತಹದ್ದು. ಸನ್‌ರೂಫ್ ಇದೆಯೇ, ಮಂಜಿನ ಲೈಟ್ ಇದೆಯೇ, ಟೈರ್ ಪ್ರೆಷರ್ ಸೆನ್ಸರ್ ಇದೆಯೇ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಎಲ್ಲ ಮಾಡ್ಯೂಲುಗಳ ಕೋಡ್, ಬಿಸಿಎಂನ ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ನಂಬರ್, ಚಾಸಿಸ್ ನಂಬರ್, ಓಡಿದ ಕಿಲೋಮೀಟರ್ ಇವುಗಳ ಫೋಟೋ ತೆಗೆದಿಡಿ. ಬೋರ್ಡ್ ಸತ್ತಿದ್ದರೂ ಮೆಮೊರಿ ಚಿಪ್ ಬದುಕಿರಬಹುದು. ತಿಳಿದವರು ಅದನ್ನು ಅದೇ ನಂಬರಿನ ಬೋರ್ಡಿಗೆ ನಕಲು ಮಾಡಬಲ್ಲರು. ಹಾಗೆ ಮಾಡದೆ ಬೇರೆ ಗಾಡಿಯ ಬಿಸಿಎಂ ಹಾಕಿದರೆ ಅದು ತನ್ನ ಹಳೇ ಚಾಸಿಸ್ ನಂಬರಿಗೂ ಕೀಗಳಿಗೂ ಅಂಟಿಕೊಂಡೇ ಇರುತ್ತದೆ. ಇಂಜಿನ್ ಹತ್ತಿ ಆರಿದ್ದು ಇದೇ ಕಾರಣಕ್ಕೆ.

ಪ್ರೋಗ್ರಾಮಿಂಗ್ ಮುಗಿಯುವವರೆಗೂ ಬ್ಯಾಟರಿಗೆ ಸುಮಾರು 13.5 ವೋಲ್ಟಿನ ಸ್ಥಿರ ಸಪ್ಲೈ ಕೊಟ್ಟಿರಬೇಕು. ಪ್ರೋಗ್ರಾಮಿಂಗಿಗೆಂದೇ ಇರುವ ಪವರ್ ಸಪ್ಲೈ ಬೇಕು, ಮಾಮೂಲಿ ಚಾರ್ಜರಿನ ಏರಿಳಿತದ ಕರೆಂಟ್ ಇದಕ್ಕಲ್ಲ. ಬಿಚ್ಚುವಾಗ ಇಗ್ನಿಷನ್ ಆಫ್, ನೆಗೆಟಿವ್ ತೆಗೆದು ಕಂಪನಿಯ ಕೈಪಿಡಿ ಹೇಳಿದಷ್ಟು ಹೊತ್ತು ಕಾಯುವುದು, ಆಮೇಲೆ ಕಪ್ಲರಿನ ಲಿವರ್ ಎತ್ತುವುದು. ಕೂರಿಸಿದ ಮೇಲೆ ಚಾಸಿಸ್ ನಂಬರ್ ಬರೆಯುವಾಗ ಇಬ್ಬರು ಓದಿ ಹೇಳಿಕೊಳ್ಳಲಿ, ಕೆಲವು ಮಾಡ್ಯೂಲುಗಳಲ್ಲಿ ಒಮ್ಮೆ ಬರೆದರೆ ಮುಗಿಯಿತು. ಇರುವ ಎಲ್ಲ ಕೀಗಳನ್ನೂ ಜೊತೆಗೆ ಒಯ್ಯಿರಿ. ಅನೇಕ ಗಾಡಿಗಳಲ್ಲಿ ಆ ಹೊತ್ತಿನಲ್ಲಿ ತೋರಿಸದ ಕೀ ಪಟ್ಟಿಯಿಂದ ಬಿದ್ದುಹೋಗುತ್ತದೆ. ಕಿಟಕಿಗಳ ಆಟೋ ಏರಿಳಿತ, ಸನ್‌ರೂಫ್, ಟೈರ್ ಸೆನ್ಸರ್, ಬೇಕಿದ್ದಲ್ಲಿ ಸ್ಟೀರಿಂಗ್ ಆಂಗಲ್ ಸೆನ್ಸರ್ ಇವನ್ನು ಮತ್ತೆ ಕಲಿಸದೆ ಗಾಡಿ ಹೊರಗೆ ತರಬೇಡಿ.

ಗಾಡಿ ವಾಪಸ್ ಪಡೆಯುವ ಮೊದಲು ಎರಡು ಪರೀಕ್ಷೆ ನಿಮ್ಮ ಎದುರೇ ನಡೆಯಲಿ. ಒಂದು, ಲಾಕ್ ಮಾಡಿ ಕೀಯನ್ನು ದೂರವಿಟ್ಟು, ನೆಟ್‌ವರ್ಕ್ ಮಲಗಲು ಮುಕ್ಕಾಲು ಗಂಟೆ ಬಿಟ್ಟು, ಸಣ್ಣ ಕರೆಂಟ್ ಅಳೆಯಬಲ್ಲ ಡಿಸಿ ಕ್ಲಾಂಪ್ ಮೀಟರನ್ನು ಬ್ಯಾಟರಿ ವೈರಿಗೆ ಹಾಕಿ ನೋಡುವುದು. 50 ಮಿಲಿ ಆಂಪಿಯರ್ ಒಳಗಿರಬೇಕು. ಎರಡು, ನೀರಿನ ಪರೀಕ್ಷೆ. ಪೈಪಿನಿಂದ ಹದವಾಗಿ, ಗಾಜಿನ ಬುಡದಿಂದ ಶುರುಮಾಡಿ ಮೇಲಕ್ಕೆ ಹೋಗುತ್ತ ಒಂದೊಂದು ಕಡೆ ಹತ್ತು ನಿಮಿಷ ನೀರು ಬಿಡಬೇಕು. ಮೊದಲೇ ಮೇಲಿನಿಂದ ಸುರಿದರೆ ಸೋರಿಕೆ ಎಲ್ಲಿಯದೆಂದು ಗೊತ್ತಾಗದು. ಒಳಗೊಬ್ಬರು ಟಾರ್ಚ್ ಹಿಡಿದು ಬಿಸಿಎಂ ಕಪ್ಲರ್ ಕೆಳಗೆ ಒಣ ಟಿಶ್ಯೂ ಇಟ್ಟು ಕೂತಿರಲಿ. ಟಿಶ್ಯೂ ಒಣಗಿಯೇ ಉಳಿದರೆ ಕಪ್ಲರಿನ ವೈರುಗಳನ್ನು ಕೆಳಕ್ಕೆ ಬಾಗಿಸಿ ಕಟ್ಟಿಸಿ, ನೀರು ಬಂದರೂ ಬಾಗಿನಿಂದಲೇ ತೊಟ್ಟಿಕ್ಕುತ್ತದೆ. ಬಿಚ್ಚಿದ ಹಳೇ ಬಿಸಿಎಂ ಕೇಳಿ ಪಡೆದು, ಒಂದೆರಡು ಜೋರು ಮಳೆ ಕಳೆಯುವ ತನಕ ಮನೆಯಲ್ಲಿಟ್ಟುಕೊಳ್ಳಿ.