‘ಸೀಲ್ ಒಡೀಬೇಡಿ ಅಣ್ಣ’ ಅನ್ನೋವನ ಹತ್ರ ಪಿಎಸ್2 ಗೇಮ್ ತಗೊಳ್ಳಬೇಡಿ

ಮೈಸೂರು, ಮಂಡ್ಯ ಕಡೆ ಹಳೇ ಪಿಎಸ್2 (ಟಿವಿಗೆ ಹಾಕಿ ಆಡುವ ಸೋನಿಯ ಪ್ಲೇಸ್ಟೇಷನ್ 2) ಡಿಸ್ಕ್ ಹುಡುಕುತ್ತಿರುವವರು ದಯವಿಟ್ಟು ಓದಿ. ‘ಒರಿಜಿನಲ್, ಸೀಲ್ ಪ್ಯಾಕ್’ ಅಂತ ಹೇಳಿ ಒಬ್ಬ ಪುಣ್ಯಾತ್ಮ ಮನೆಯಲ್ಲಿ ಬರ್ನ್ ಮಾಡಿದ ಕಾಪಿ ಡಿಸ್ಕ್ ಕೊಟ್ಟು ನನ್ನಿಂದ 1,800 ರೂಪಾಯಿ ಕಿತ್ತುಕೊಂಡಿದ್ದಾನೆ. ಹೆಸರು ಹಾಕಲ್ಲ. ಅವನು ಆಡಿದ ಮಾತು ಮಾತ್ರ ಇದ್ದ ಹಾಗೇ ಹಾಕುತ್ತೇನೆ, ಇಂಥವರೆಲ್ಲ ಆಡೋದು ಇದೇ ಮಾತು.

ಗೇಮ್ ‘ನೀಡ್ ಫಾರ್ ಸ್ಪೀಡ್: ಹಾಟ್ ಪರ್ಸ್ಯೂಟ್ 2’. 2002ರದ್ದು. ಪೊಲೀಸರು ಬೆನ್ನು ಬೀಳುತ್ತಾರೆ, ರಸ್ತೆಗೆ ಅಡ್ಡ ಕಾರು ನಿಲ್ಲಿಸುತ್ತಾರೆ, ಮೊಳೆ ಪಟ್ಟಿ ಹಾಸುತ್ತಾರೆ, ತಲೆ ಮೇಲೆ ಹೆಲಿಕಾಪ್ಟರ್ ಬರುತ್ತೆ. ಬೇಕಾದರೆ ನಾವೇ ಪೊಲೀಸ್ ಆಗಿ ಅಟ್ಟಿಸಿಕೊಂಡು ಹೋಗಬಹುದು. ‘ಕಂಪ್ಯೂಟರಲ್ಲಿ ಆಡು, ಅದಕ್ಯಾಕೆ ದುಡ್ಡು’ ಅನ್ನೋರಿಗೆ ಒಂದು ಮಾತು. ಹೆಸರು ಒಂದೇ ಆದರೂ ಎರಡೂ ಬೇರೆ. ಪಿಎಸ್2ಗೆ ಮಾಡಿದ್ದು ಕೆನಡಾದ ವ್ಯಾಂಕೂವರ್‌ನ ಬ್ಲ್ಯಾಕ್ ಬಾಕ್ಸ್ ತಂಡ. ಕಂಪ್ಯೂಟರ್, ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್‌ಗೆ ಮಾಡಿದ್ದು ಸಿಯಾಟಲ್‌ನ ತಂಡ. ಕಾರು ಕೈಗೆ ಸಿಗುವ ರೀತಿಯೇ ಬೇರೆ. ನನಗೆ ಬೇಕಿದ್ದಿದ್ದು ಪಿಎಸ್2ದೇ.

ಜಾಹೀರಾತಿನಲ್ಲಿ ಇದ್ದಿದ್ದು ಒಂದೇ ಫೋಟೋ, ಬಾಕ್ಸಿನ ಮುಂಭಾಗದ್ದು. ಹಿಂದಿನದು ಕಳಿಸಿ ಅಂದೆ. ‘ಸಿಗೋಣ ಅಣ್ಣ, ಕೈಯಲ್ಲೇ ನೋಡಿ. ನಮ್ದು ಮಂಡ್ಯ ಕಣಣ್ಣ, ಮೋಸ ಗೀಸ ಇಲ್ಲ’ ಅಂದ. 500 ಅಡ್ವಾನ್ಸ್ ಯುಪಿಐ ಮಾಡಿಸಿಕೊಂಡ. ಮೈಸೂರಿನ ಸಬರ್ಬ್ ಬಸ್ ಸ್ಟ್ಯಾಂಡಿಗೆ ಬಂದವನು ಪ್ಲಾಟ್‌ಫಾರ್ಮ್ ಬಿಟ್ಟು ಈಚೆಗೆ ಬರಲೇ ಇಲ್ಲ, ಮಂಡ್ಯ ಬಸ್ ಹೊರಡುತ್ತೆ ಅಂತ ಒಂದೇ ಅವಸರ. ಬಾಕ್ಸಿಗೆ ನೀಟಾಗಿ ಪ್ಲಾಸ್ಟಿಕ್ ಸುತ್ತಿತ್ತು. ಡಿಸ್ಕ್ ಒಂದ್ಸಲ ನೋಡ್ತೀನಿ ಅಂದಿದ್ದಕ್ಕೆ ಕೈ ಹಿಡಿದುಕೊಂಡ! ‘ಅಯ್ಯೋ ಸೀಲ್ ಒಡೀಬೇಡಿ ಅಣ್ಣ. ಒಡೆದ್ರೆ ಬೆಲೆ ಹೋಯ್ತು. ಮನೇಲಿ ಪೂಜೆ ಮಾಡಿ ಓಪನ್ ಮಾಡಿ.’ ನಕ್ಕುಬಿಟ್ಟೆ. ಉಳಿದ ದುಡ್ಡು ಕೊಟ್ಟೆ.

ಮನೆಯಲ್ಲಿ ಅಕ್ಕನ ಮಗ ಬೆಳಗ್ಗೆಯಿಂದ ಟಿವಿ ಮುಂದೆ ಕಾಯುತ್ತಿದ್ದ, ಜೊತೆಗೆ ಪಕ್ಕದ ಮನೆ ಹುಡುಗರೂ ಇದ್ದರು. ಪ್ಲಾಸ್ಟಿಕ್ ಹರಿದೆ. ಮ್ಯಾನ್ಯುವಲ್ ಇಲ್ಲ. ಡಿಸ್ಕ್ ಮೇಲಿನ ಚಿತ್ರ ಸ್ಟಿಕ್ಕರ್, ಅಂಚಿನಲ್ಲಿ ಗಾಳಿ ಗುಳ್ಳೆ ಎದ್ದಿತ್ತು. ತಿರುಗಿಸಿದರೆ ತಳ ಬದನೆಕಾಯಿ ಬಣ್ಣ. ಕಂಪನಿ ಒತ್ತಿದ ಡಿವಿಡಿ ಬೆಳ್ಳಿ ಬಣ್ಣ ಇರುತ್ತೆ ಅಲ್ವಾ? ಆದರೂ ಹಾಕಿದೆ. ಡ್ರೈವ್ ಒಂದಷ್ಟು ಹೊತ್ತು ಗರಗರ ಅಂತು. ಆಮೇಲೆ ಟಿವಿ ತುಂಬಾ ಕೆಂಪು, ಪ್ಲೇಸ್ಟೇಷನ್ ಡಿಸ್ಕ್ ಹಾಕಿ ಅನ್ನುವ ಮೆಸೇಜ್. ಕಾಪಿ ಡಿಸ್ಕೂ ಓಡಲಿ ಅಂತ ಒಳಗೆ ಬೇರೆ ಚಿಪ್ ಹಾಕಿಸಿಕೊಳ್ಳುತ್ತಾರೆ; ಆ ಚಿಪ್ ಹಾಕದ ಪಿಎಸ್2 ಬರ್ನ್ ಮಾಡಿದ ಡಿಸ್ಕಿಗೆ ಹೇಳೋದೇ ಹಾಗೆ. ‘ಮಾಮಾ, ಇದೇನಾ ಗೇಮು?’ ಅಂದ ಅಕ್ಕನ ಮಗ. ಪಕ್ಕದ ಮನೆ ಹುಡುಗರು ಕಿಸಕ್ಕನೆ ನಕ್ಕರು. ಭಾವನೂ ಅಲ್ಲೇ ಕೂತಿದ್ದರು. ಎಷ್ಟು ಕೊಟ್ಟೆ ಅಂತ ಕೇಳಿದರು. ನಾನು ಹೇಳಲಿಲ್ಲ.

ಆಮೇಲೆ ಬಾಕ್ಸಿನ ಹಿಂಭಾಗ ಓದಿದೆ. ಇಂಥ ವಿಂಡೋಸ್ ಬೇಕು, ಇಷ್ಟು ಹಾರ್ಡ್ ಡಿಸ್ಕ್ ಜಾಗ ಬೇಕು, ಇಂಥ ಗ್ರಾಫಿಕ್ಸ್ ಕಾರ್ಡ್ ಬೇಕು! ಅಯ್ಯಾ ಮಹಾನುಭಾವ, ಕಂಪ್ಯೂಟರ್ ಗೇಮಿನ ಕವರ್ ಕಲರ್ ಪ್ರಿಂಟ್ ಹೊಡೆದು ಪಿಎಸ್2 ಬಾಕ್ಸಿಗೆ ತುರುಕಿದ್ದಾನೆ. ಹಿಂಭಾಗದ ಫೋಟೋ ಯಾಕೆ ಕಳಿಸಲಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಮೆಸೇಜ್ ಹಾಕಿದೆ. ಬಂದ ಉತ್ತರ ನೋಡಿ.

‘ನಿಮ್ ಲೆನ್ಸ್ ವೀಕ್ ಆಗಿರ್ಬೇಕು ಅಣ್ಣ.’ ಡಿಸ್ಕ್ ಓದುವ ಲೆನ್ಸ್ ಚೆನ್ನಾಗಿದೆ, ಬೇರೆ ಡಿಸ್ಕ್ ಎಲ್ಲ ಓಡುತ್ತಿವೆ ಅಂದೆ.

‘ಪಿಎಸ್2 ಡಿಸ್ಕ್ ನೀಲಿನೇ ಇರೋದು.’ ಅರ್ಧ ಸತ್ಯ ಹೇಳೋರನ್ನ ಕಂಡರೆ ನನಗೆ ಪೂರ್ತಿ ಸುಳ್ಳು ಹೇಳೋರಿಗಿಂತ ಜಾಸ್ತಿ ಸಿಟ್ಟು. ಸಿಡಿಯಲ್ಲಿ ಬಂದ ಪಿಎಸ್2 ಗೇಮ್‌ಗಳ ತಳ ನೀಲಿ ಇರುತ್ತೆ, ನಿಜ. ಅದಕ್ಕೆ ಸ್ಟಿಕ್ಕರ್ ಅಂಟಿಸಿರಲ್ಲ.

ವಿಂಡೋಸ್ ವಿಷಯ ಕೇಳಿದ್ದಕ್ಕೆ, ‘ಅದು ಕಾಮನ್ ಕವರ್ ಸಾರ್, ಎಲ್ಲಾದಕ್ಕೂ ಒಂದೇ.’

ಸರಸ್ವತಿಪುರಂನ ಗೆಳೆಯನ ಚಿಪ್ ಹಾಕಿದ ಪಿಎಸ್2ನಲ್ಲಿ ಹಾಕಿ ನೋಡಿದೆವು. ಶುರುವಾಯಿತು. ಸೈರನ್ ಕೇಳಿಸಿತು, ಪೊಲೀಸ್ ಕಾರು ಹಿಂದೆ ಬಂತು, ಅಷ್ಟಕ್ಕೇ ಸ್ಕ್ರೀನ್ ನಿಂತುಹೋಯಿತು. ಮತ್ತೆ ಹಾಕಿದರೂ ಅಷ್ಟೇ. ಅದರ ವಿಡಿಯೋ ಕಳಿಸಿದರೆ ಅವನ ಉತ್ತರ: ‘ನೋಡಿ ಸಾರ್ ಓಡ್ತು ಅಲ್ವಾ. ಡಿಸ್ಕ್ ಚೆನ್ನಾಗಿದೆ. ನಿಮ್ದಕ್ಕೂ ಚಿಪ್ ಹಾಕಿಸ್ಕೊಳ್ಳಿ. ನಾನೇ ಹಾಕ್ಸಿ ಕೊಡ್ತೀನಿ, 1,500 ಆಗುತ್ತೆ.’

ಮೋಸ ಮಾಡಿದ್ದೂ ಅಲ್ಲದೆ ಇನ್ನೊಂದು ವ್ಯಾಪಾರ!

ಕಂಪ್ಲೇಂಟ್ ಕೊಡ್ತೀನಿ ಅಂದೆ. ‘ಕೊಡಿ ಗುರು. ಪೊಲೀಸ್ ಗೇಮ್ ಓಡ್ತಿಲ್ಲ ಅಂತ ಪೊಲೀಸ್ ಸ್ಟೇಷನ್‌ಗೆ ಹೋಗಿ. ಅವ್ರೂ ನಗ್ಲಿ.’ ಆಮೇಲೆ ಬ್ಲಾಕ್.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು ಅಂತ ಗೆಳೆಯ ಹೇಳುತ್ತಿದ್ದಾನೆ. ಮಾಡುತ್ತೇನೆ. ಚಾಟ್, ಯುಪಿಐ ರಸೀದಿ ಎಲ್ಲ ಇಟ್ಟುಕೊಂಡಿದ್ದೇನೆ. ನಗೋರು ನಗಲಿ.

ನೀವು ಮಾತ್ರ ಡಿಸ್ಕಿನ ತಳ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೀಲ್ ಗೀಲ್ ಎಲ್ಲ ಸುಮ್ನೆ. ಆ ಪ್ಲಾಸ್ಟಿಕ್ ಯಾರು ಬೇಕಾದರೂ ಸುತ್ತುತ್ತಾರೆ. ಡಿಸ್ಕಿನ ತಳದಲ್ಲಿ, ನಡುವಿನ ತೂತಿನ ಸುತ್ತ ಇರುವ ಉಂಗುರದಲ್ಲಿ ಒತ್ತಿದ ನಂಬರ್ ಇದೆಯಾ ನೋಡಿ. ಡಿಸ್ಕ್ ಒರಿಜಿನಲ್ ಆದರೂ ನಮ್ಮಲ್ಲಿ ಮಾರಿದ ಪಿಎಸ್2 ಪಾಲ್ (ಭಾರತ, ಯುರೋಪ್ ಕಡೆಯ ಟಿವಿ ಪದ್ಧತಿಯದ್ದು), ಅಮೆರಿಕದಿಂದ ಬಂದ ಡಿಸ್ಕ್ ಹಾಕಿದರೂ ಅದೇ ಕೆಂಪು ಸ್ಕ್ರೀನ್. ಅದನ್ನೂ ಕೇಳಿಕೊಳ್ಳಿ.

ಜಾಹೀರಾತು ನಿನ್ನೆ ಮತ್ತೆ ಹಾಕಿದ್ದಾನೆ. ಹಸಿರು ಬೆಡ್‌ಶೀಟ್ ಮೇಲೆ ಇಟ್ಟ ಅದೇ ಬಾಕ್ಸ್, ಮುಂಭಾಗ ಮಾತ್ರ. ಈಗ ಬೆಲೆ 2,200.